ಮಡಚಿಟ್ಟ ಅರ್ಜಿ

ಟಕ್ ಟಕ್, ಟಕಟಕ, ಟಕ್. ಚಿಂತಾಮಣಿಯ ತಾಲ್ಲೂಕು ಕಚೇರಿಯ ಕಾಂಪೌಂಡಿಗೆ ಒರಗಿದ ತಗಡಿನ ನೆರಳಲ್ಲಿ ಅರ್ಜಿ ಬರೆಯುವ ವೆಂಕಟರಾಯಪ್ಪನವರ ಹತ್ತು ಬೆರಳೂ ಕುಣಿಯುತ್ತಿದ್ದವು. ಪ್ರತಿ ಸಾಲಿನ ಕೊನೆಗೆ ಎಡಗೈ ತಾನಾಗಿ ಮೇಲೆದ್ದು, ಗಾಳಿಯನ್ನು ಬಲಕ್ಕೆ ತಳ್ಳಿ, ಕೆಳಗಿಳಿಯುತ್ತಿತ್ತು. ಮೂವತ್ತೊಂದು ವರ್ಷ ಟೈಪ್‌ರೈಟರಿನ ಹಿಡಿ ತಳ್ಳಿದ ಕೈ. ಈಗ ಮುಂದಿರುವುದು ಅಳಿಯ ಕೊಡಿಸಿದ ಹೊಸ ಲ್ಯಾಪ್‌ಟಾಪ್ ಎಂದು ಅದಕ್ಕೆ ಯಾರೂ ತಿಳಿಸಿರಲಿಲ್ಲ.

ಪೂರ್ತಿ ಹಿಂದಕ್ಕೂ ಮಡಚಬಹುದಾದ ಲ್ಯಾಪ್‌ಟಾಪ್ ಅದು. ವೆಂಕಟರಾಯಪ್ಪ ಅದನ್ನು ಮೇಜಿನ ಮೇಲೆ ಗುಡಾರದ ಹಾಗೆ ನಿಲ್ಲಿಸಿಕೊಂಡಿದ್ದರು. ಕೀಗಳು ತಮ್ಮ ಕಡೆಗೆ, ಪರದೆ ಕಕ್ಷಿದಾರರ ಕಡೆಗೆ. ಅರ್ಜಿ ಅವರದು, ಅವರು ನೋಡಿಕೊಳ್ಳಲಿ. ಟೈಪಿಸ್ಟ್ ಯಾಕೆ ನೋಡಬೇಕು? ಹಾಳೆ ನೋಡಿಕೊಂಡು, ಕೀ ಹುಡುಕಿಕೊಂಡು ಹೊಡೆಯುವವರನ್ನು ಅವರು ಮನುಷ್ಯರ ಸಾಲಿಗೇ ಸೇರಿಸಿದವರಲ್ಲ.

— ಏನೂ ಬಂದಿಲ್ಲ ಸಾಮಿ, ಎಂದಳು ಎದುರು ಕೂತಿದ್ದ ಕೆಂಚಾರ್ಲಹಳ್ಳಿಯ ಅಮ್ಮಾಜಮ್ಮ, ಮೂರನೇ ಸಲ.

— ಓದೋಕೆ ಬರುತ್ತಾ ನಿಂಗೆ?

— ಇಲ್ಲ.

— ಮತ್ತೆ? ಬಂದಿದೆಯೋ ಇಲ್ವೋ ಹೆಂಗೆ ಗೊತ್ತು?

— ಓದೋಕೆ ಬರಲ್ಲ ಸಾಮಿ, ಕಣ್ಣು ಕಾಣುತ್ತೆ. ಎಲ್ಲಾ ಬೆಳ್ಳಗೈತೆ. ಏಮೀ ಲೇದು, ಏನೂ ಇಲ್ಲ.

— ಬೆಳ್ಳಗಿರೋದು ಹಾಳೆ ಕಣಮ್ಮ. ಅಕ್ಷರ ಸಣ್ಣಕ್ಕಿರ್ತವೆ. ಮುಂದಕ್ಕೆ ಹೇಳು. ಪಕ್ಕದ ಹೊಲದ ಆವುಲಪ್ಪ ನಿನ್ನ ದಾರಿಗೆ ಬೇಲಿ ಹಾಕಿದ. ಆಮೇಲೆ?

— ಎಷ್ಟು ಸಲ ಹೇಳ್ಲಿ? ರೇಷ್ಮೆ ಹುಳ ನಾಲ್ಕನೇ ಜ್ವರ ಕಳ್ಕೊಂಡು, ಪೊರೆ ಬಿಟ್ಟು ಎದ್ದವೆ. ಈಗ ತಿನ್ನೋದೇ ತಿನ್ನೋದು. ಸೊಪ್ಪಿನ ತೋಟ ಬೇಲಿ ಆಚೆ, ಹುಳದ ಮನೆ ಈಚೆ. ಹೊತ್ಕೊಂಡು ಕೆರೆ ಸುತ್ತಿ ಬರೋಷ್ಟರಲ್ಲಿ ಸೊಪ್ಪು ಬಾಡೋಗುತ್ತೆ, ಹುಳ ಮೂಸೂ ನೋಡಲ್ಲ. ತಹಸೀಲ್ದಾರ್ ಸಾಹೇಬ್ರು ಒಂದು ಗಂಟೆಗೆ ಮುರುಗಮಲ್ಲದ ಕಡೆ ಹೊರಟ್ರೆ ಇನ್ನು ಸೋಮವಾರವೇ ಸಿಗೋದು. ಅಷ್ಟೊತ್ತಿಗೆ ನಾನು ಹುಳಾನೆಲ್ಲ ತಿಪ್ಪೆಗೆ ಸುರೀಬೇಕು.

ಟಕಟಕ. ಎಡಗೈ ಗಾಳಿ ತಳ್ಳಿತು.

— ಭೇಷ್. ‘ಸದರಿ ಹುಳುಗಳು ಉಪವಾಸ ಬಿದ್ದು ಕಂಗಾಲಾಗಿದ್ದು’ ಅಂತ ಹಾಕಿದೀನಿ. ಓದಿ ಸಾಹೇಬ್ರು ಕಣ್ಣೀರು ಹಾಕ್ಬೇಕು.

— ಹಾಕ್ಲಿ ಸಾಮಿ, ಓದೋಕೆ ಏನಾದ್ರೂ ಇದ್ರೆ.

ಈ ಮಾತು ನಾಟಿತು. ವೆಂಕಟರಾಯಪ್ಪ ಎದ್ದು, ಮೇಜು ಸುತ್ತಿ ಬಂದು, ಬಗ್ಗಿ ನೋಡಿದರು. ಎರಡು ಪುಟ ಹೊಡೆದಿದ್ದರು. ಪರದೆಯ ಮೂಲೆಯಲ್ಲಿ ಒಂದೇ ಒಂದು ಕಪ್ಪು ಗೀರು ಬರುತ್ತಿತ್ತು, ಹೋಗುತ್ತಿತ್ತು.

— ನೀನೇನಾದ್ರೂ ಮುಟ್ಟಿದ್ಯಾ?

— ನಾನು ಮುಟ್ಟಿದ್ರೆ ಎರಡು ಪುಟ ಮಾಯ ಆಗುತ್ತಾ? ಅಂಥ ಕೈ ಇದ್ದಿದ್ರೆ ಬೇಲಿ ಮುಟ್ಟಿ ಮನೆಗೆ ಹೋಗ್ತಿದ್ದೆ, ನಿಮ್ಮ ಹತ್ರ ಯಾಕೆ ಬರ್ತಿದ್ದೆ?

ಪಕ್ಕದ ಜೆರಾಕ್ಸ್ ಅಂಗಡಿಯ ಪರ್ವೇಜನನ್ನು ಕೂಗಿದ್ದಾಯಿತು. ಅವನು ಬಂದವನೇ ಗುಡಾರ ನೋಡಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡ.

— ಸರ್, ಹಿಂದಕ್ಕೆ ಮಡಚಿದ್ರೆ ಇದು ಟ್ಯಾಬ್ಲೆಟ್ ಆಗೋಗುತ್ತೆ. ಕೀಬೋರ್ಡ್ ಆಫ್.

— ಯಾರು ಆಫ್ ಮಾಡಿದ್ದು?

— ಅದೇ ಮಾಡ್ಕೊಳ್ಳುತ್ತೆ. ಕೈಯಲ್ಲಿ ಹಿಡ್ಕೊಂಡಾಗ ಹಿಂದೆ ಬೆರಳು ತಾಗಿ ಏನೇನೋ ಟೈಪ್ ಆಗ್ಬಾರ್ದಲ್ವಾ?

— ನಾನು ಹೊಡೆದಿದ್ದು ಏನೇನೋನಾ? ಟೈಪಿಂಗ್ ಪರೀಕ್ಷೇಲಿ ಜೂನಿಯರ್, ಸೀನಿಯರ್ ಎರಡೂ ಫಸ್ಟ್ ಕ್ಲಾಸು ಕಣಯ್ಯ ನಂದು!

— ಹಿಂದ್ಗಡೆ ಫಸ್ಟ್ ಕ್ಲಾಸು ಕೂತಿದೆ ಅಂತ ಅದಕ್ಕೆ ಹೆಂಗೆ ಗೊತ್ತಾಗ್ಬೇಕು ಸರ್? ಮಡಚಿದಾಗ ಇಲ್ಲಿ ಹೊಡೀಬೇಕು, ನೋಡಿ.

ಅವನು ಪರದೆಯನ್ನು ಬೆರಳಿಂದ ತಟ್ಟಿದ. ಅಮ್ಮಾಜಮ್ಮನ ಮೂಗಿನ ಮುಂದೆ ಅರ್ಧ ಪರದೆ ತುಂಬ ಅಕ್ಷರಗಳ ಮಣೆಯೊಂದು ಎದ್ದು ನಿಂತಿತು.

— ಆ ಕಡೆ ಬಂತಲ್ಲಯ್ಯ! ಎಂದರು ವೆಂಕಟರಾಯಪ್ಪ.

— ಅಂದ್ರೆ ನನ್ನ ಅರ್ಜಿ ನಾನೇ ಹೊಡ್ಕೊಬೇಕಾ? ಎಂದಳು ಅಮ್ಮಾಜಮ್ಮ.

— ಬೇಡ ಸರ್, ಸೀದಾ ಬಿಚ್ಚಿ ಇಟ್ಕೊಳ್ಳಿ, ಎಲ್ರ ಹಂಗೆ.

— ಎಲ್ರ ಹಂಗೆ ಇಟ್ಕೊಂಡ್ರೆ ಕಕ್ಷಿದಾರ್ರಿಗೆ ಏನು ಕಾಣುತ್ತೆ? ಕಂಪನಿ ಹೆಸರಾ?

— ಈಗೇನು ಕಂಡಿದ್ದು ಸಾಮಿ? ಹನ್ನೆರಡು ಮುಕ್ಕಾಲು ಆಯ್ತು, ಎಂದಳು ಆಕೆ.

ಲ್ಯಾಪ್‌ಟಾಪ್ ಬಿಚ್ಚಿದರು. ಬಿಚ್ಚಿದ ಕೂಡಲೇ ಪರದೆ ತಲೆಕೆಳಗಾಯಿತು. ವೆಂಕಟರಾಯಪ್ಪ ಕತ್ತನ್ನು ಭುಜಕ್ಕೆ ಒರಗಿಸಿ ಇಣುಕಿದರು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಹಾಳೆ ನೋಡಿಕೊಂಡು ಹೊಡೆಯಲು ಹೊರಟರೆ ಈ ಗತಿ. ಪರ್ವೇಜ್ ಅದನ್ನೆತ್ತಿ, ಅತ್ತ ಇತ್ತ ಓಲಾಡಿಸಿ, ಮತ್ತೆ ಮೇಜಿನ ಮೇಲಿಟ್ಟ. ಪರದೆ ನೆಟ್ಟಗಾಯಿತು. ಒಂದು ಕೀ ಒತ್ತಿದರು. ಅಕ್ಷರ ಬಂತು. ಇನ್ನೊಂದು ಒತ್ತಿದರು. ಅದೂ ಬಂತು.

ಪರ್ವೇಜ್ ಅಂಗಡಿಗೆ ಮರಳಿದ. ಗೆದ್ದವರ ಹಾಗೆ ವೆಂಕಟರಾಯಪ್ಪ ಹತ್ತು ಬೆರಳನ್ನೂ ಎತ್ತಿ ಹಿಡಿದರು.

— ಈಗ ಹೇಳಮ್ಮ. ಮೊದಲಿಂದ!

ಅಮ್ಮಾಜಮ್ಮ ಎದ್ದು ನಿಂತು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

— ನಿಮಗೆ ಮೂರು ಸಲ ಹೇಳಿ ಹೇಳಿ ನಂಗೇ ಬಾಯಿಪಾಠ ಆಗೈತೆ. ನಾಲ್ಕನೇ ಸಲ ಸಾಹೇಬ್ರಿಗೇ ಹೇಳ್ತೀನಿ.

— ಬಾಯಲ್ಲಾ? ಬಾಯಲ್ಲಿ ಹೇಳಿದ್ರೆ ಅರ್ಜಿ ಅಂತಾರೇನಮ್ಮ? ವಿಷಯ ಬೇಕು, ಉಲ್ಲೇಖ ಬೇಕು, ‘ತಮ್ಮ ವಿಧೇಯ’ ಬೇಕು...

— ಹುಳಕ್ಕೆ ಸೊಪ್ಪು ಬೇಕು.

— ಕೇಳಿಲ್ಲಿ, ದುಡುಕಬೇಡ. ಸ್ವೀಕೃತಿ ಮುದ್ರೆ ಎಲ್ಲಿ ಒತ್ತಿಸ್ತೀಯ? ನಾಳೆ ಯಾರಾದ್ರೂ ಕೇಳಿದ್ರೆ ಏನು ತೋರಿಸ್ತೀಯ?

— ಬೇಲಿ ತೆಗೆದ ಜಾಗ ತೋರಿಸ್ತೀನಿ.

— ಅದಕ್ಕೂ ಒಂದು ಕ್ರಮ ಇದೆ ಕಣಮ್ಮ. ಸದರಿ ಬೇಲಿ ಎಷ್ಟು ಉದ್ದ, ಎಷ್ಟು ಎತ್ತರ, ಅದನ್ನಾದ್ರೂ ಹೇಳಿ ಹೋಗು, ನಾನು ಇಲ್ಲಿ...

ಟಕಟಕ ಎಂದು ‘ಸದರಿ ಬೇಲಿ’ವರೆಗೆ ಹೊಡೆದು ಅವರು ಉತ್ತರಕ್ಕಾಗಿ ತಲೆ ಎತ್ತಿದಾಗ, ಅಮ್ಮಾಜಮ್ಮ ಕಚೇರಿಯ ಮೂರನೇ ಮೆಟ್ಟಿಲು ಹತ್ತುತ್ತಿದ್ದಳು.