ಅಳತೆಗೆ ಸಿಗದ ಬದನೆಕಾಯಿ

ಇಪ್ಪತ್ತೊಂದು ವರ್ಷಗಳಿಂದ ನಾನು ಬಾಲಾನಗರದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ನಾನು ‘ಪಾಸ್’ ಎನ್ನದೆ ಅಲ್ಲಿಂದ ಒಂದು ಬೋಲ್ಟೂ ಹೊರಗೆ ಹೋಗುವಂತಿಲ್ಲ. (ಮನೆಯಲ್ಲಿ ನನ್ನ ಹೆಂಡತಿ ಸುಭದ್ರಾ ‘ಪಾಸ್’ ಎನ್ನದೆ ನಾನೇ ಹೊರಗೆ ಹೋಗುವಂತಿಲ್ಲ, ಅದು ಬೇರೆ ಮಾತು.) ಇಂಥ ಮಹಾಪ್ರತಿಭೆಯನ್ನು ಹೆಂಡತಿಯ ತವರಿನವರು ಗುರುತಿಸುವ ಸುಯೋಗ ಕಳೆದ ಜುಲೈನಲ್ಲಿ ಒದಗಿ ಬಂತು.

ಸುಭದ್ರಾಳ ಕಾಕಾ ಸಿದ್ದರಾಮಪ್ಪನವರು ಜಹೀರಾಬಾದಿನ ಹತ್ತಿರ ಎರಡೆಕರೆಯಲ್ಲಿ ಕಾಯಿಪಲ್ಲೆ ಬೆಳೆಯುತ್ತಾರೆ. ಒಂದು ದಿನ ನಮ್ಮಲ್ಲಿ ಚಹಾ ಕುಡಿಯುತ್ತ, “ಮಾರ್ಕೆಟ್ಟಿನ್ಯಾಗ ದಲಾಲಿ ಬುಟ್ಟಿಗಿ ಕಾಲಿಲೆ ಒದ್ದು, ಮಾಲು ಛಲೋ ಇಲ್ಲ ಅಂತಾನ್ರಿ ಅಳಿಯಾರ” ಎಂದರು.

ನನ್ನ ತಲೆಯಲ್ಲಿ ಟ್ಯೂಬ್‌ಲೈಟು ಹೊತ್ತಿಕೊಂಡಿತು. “ನಡುವ ದಲಾಲಿ ಯಾಕ್ರಿ ಕಾಕಾ? ನಮ್ಮ ಮಗಳು ನಿಖಿತಾನ ಸಾಲ್ಯಾಗ ನಾಲ್ಕುನೂರು ಹುಡುಗ್ರು ಮಧ್ಯಾಹ್ನ ಉಣ್ತಾರ. ಸೀದಾ ಅಲ್ಲಿಗೇ ಕೊಡೂಣು. ಎಲ್ಲಾ ನನಗ ಬಿಡ್ರಿ!”

ಕೊನೆಯ ಮಾತು ಕೇಳಿದ ಕೂಡಲೇ ಸುಭದ್ರಾಳ ಮುಖ ಬಾಡಿತು. “ಮೊದ್ಲ ಅಲ್ಲಿ ಅಡಿಗಿ ಮಾಡೋರನ್ನ ಕೇಳ್ರಿ, ಏನು ಬೇಕಂತ.”

“ಅಡಿಗಿಯವರನ್ನ? ಇದು ಪ್ರಿನ್ಸಿಪಾಲರ ಲೆವೆಲ್ಲಿನ ವಿಷಯ!”

ಪ್ರಿನ್ಸಿಪಾಲ ಗೋಪಿನಾಥ ಅವರೆದುರು ಲ್ಯಾಪ್‌ಟಾಪು ತೆರೆದು ಇಪ್ಪತ್ತಾರು ಸ್ಲೈಡು ತೋರಿಸಿದೆ. ಐದನೆಯದರಿಂದ ಮುಂದೆ ಅವರು ಬಹಳ ಏಕಾಗ್ರತೆಯಿಂದ, ಕಣ್ಣು ಮುಚ್ಚಿಕೊಂಡು ಕೇಳಿದರು. ಕೊನೆಗೆ ಎಚ್ಚೆತ್ತು, “ಬಾಗುಂದಿ ಸಾರ್” ಎಂದು ತೆಲುಗಿನಲ್ಲಿ ಮೆಚ್ಚಿ, ಸೋಮವಾರ ಸ್ಯಾಂಪಲ್ ತರಲು ಹೇಳಿದರು. ಅಡುಗೆಮನೆಯ ಮುಖ್ಯಸ್ಥೆ ಪಾರ್ವತೆಮ್ಮ ಒಪ್ಪಿದರೆ ಅವರೂ ಒಪ್ಪಿದಂತೆ.

ಭಾನುವಾರ ಬೆಳಿಗ್ಗೆಯೇ ಕಾಕಾ ನಾಲ್ಕು ಚೀಲ ತುಂಬಿ ತಂದರು. ನಾನು ಹಾಲಿನಲ್ಲಿ ಚಾಪೆ ಹಾಸಿ, ಕಾರ್ಖಾನೆಯಲ್ಲಿ ಬೋಲ್ಟು ಅಳೆಯುವ ವರ್ನಿಯರ್ ಕ್ಯಾಲಿಪರ್ ಹಿಡಿದು ಕೂತೆ. ಬದನೆಕಾಯಿಯ ಉದ್ದ ಒಂಬತ್ತು ಸೆಂಟಿಮೀಟರ್, ದಪ್ಪ ಇಷ್ಟು, ಬಾಗು ಸೊನ್ನೆ. ಹೊಂದದ್ದಕ್ಕೆಲ್ಲ ‘ರಿಜೆಕ್ಟ್’ ಎಂಬ ಕೆಂಪು ಚೀಟಿ.

“ಅಳಿಯಾರ, ಇವನ್ನೇನು ವಿಮಾನಕ್ಕ ಕೂಡಸ್ತೀರೇನು?”

“ಸ್ಟ್ಯಾಂಡರ್ಡ್ ಅಂದ್ರ ಸ್ಟ್ಯಾಂಡರ್ಡ್ರಿ ಕಾಕಾ.”

ಮಧ್ಯಾಹ್ನದ ಹೊತ್ತಿಗೆ ಪಾಸಾದವು ಮೂವತ್ತೆಂಟು ಬದನೆಕಾಯಿ, ಹನ್ನೊಂದು ಟೊಮೆಟೊ. ಫೇಲಾದವು ಸೋಫಾ ಏರಿ, ಟಿವಿ ಮುಚ್ಚಿ, ಬಾಗಿಲವರೆಗೆ ಹರಡಿದ್ದವು. ಸುಭದ್ರಾ ಹೀರೆಕಾಯಿಗಳನ್ನು ದಾಟಿಕೊಂಡು ಅಡುಗೆಮನೆಗೆ ಹೋಗುತ್ತ ನನ್ನನ್ನೊಮ್ಮೆ ನೋಡಿದಳು. (ಆ ನೋಟಕ್ಕೆ ಚೀಟಿ ಅಂಟಿಸುವ ಅಗತ್ಯವಿರಲಿಲ್ಲ.) ಕಾಕಾ ಒಂದು ಸೊಟ್ಟ ಬದನೆಕಾಯಿ ಎತ್ತಿಕೊಂಡು ಧೋತರದ ಚುಂಗಿನಿಂದ ಒರೆಸಿದರು.

“ಆ ದಲಾಲಿ ಒದ್ದ ಮ್ಯಾಲರ ತಗೋತಾನ್ರಿ. ನೀವು ತಗೋಳೋದ ಇಲ್ಲಲ್ಲ.”

ಎದೆಯಲ್ಲಿ ಏನೋ ಚುಚ್ಚಿದಂತಾಯಿತು. ಅಸಿಡಿಟಿ ಇರಬೇಕೆಂದು ಒಂದು ಗುಳಿಗೆ ನುಂಗಿದೆ.

ಸೋಮವಾರ ಬೆಳಿಗ್ಗೆ, ಮಗುವನ್ನು ತೊಟ್ಟಿಲಿಗೆ ಹಾಕಿದಂತೆ ಬದನೆಕಾಯಿಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿಕೊಂಡು ಶಾಲೆಯ ಅಡುಗೆಮನೆಗೆ ಹೋದೆ. ಪಾರ್ವತೆಮ್ಮ ರಾಯಚೂರಿನ ಕಡೆಯವರು. ಪೆಟ್ಟಿಗೆಯೊಳಗೆ ಬಗ್ಗಿ ನೋಡಿದರು.

“ಇವೇನ್ರಿ, ದೇವ್ರ ಮುಂದ ಇಡಾಕ ತಂದೀರೇನು?”

“ಸ್ಯಾಂಪಲ್ರಿ. ನೋಡ್ರಿ, ಎಲ್ಲಾ ಒಂದ ಅಳತಿ!”

“ಹೆಚ್ಚಿ ಸಾಂಬಾರಿಗಿ ಹಾಕಿದ ಮ್ಯಾಲ ಅಳತಿ ಯಾರು ನೋಡ್ತಾರ್ರಿ? ವಾರಕ್ಕ ಎಷ್ಟು ಕೊಡ್ತೀರಿ? ಯಾವ ದಿನ? ಮುಂಜಾನಿ ಆರೂವರಿಗಿ ಬರ್ತೈತೇನು?”

ಇಪ್ಪತ್ತಾರು ಸ್ಲೈಡುಗಳನ್ನೂ ಮನಸ್ಸಿನಲ್ಲೇ ತಿರುವಿಹಾಕಿದೆ. ಉತ್ತರ ಯಾವುದರಲ್ಲೂ ಇರಲಿಲ್ಲ.

“ಗೊತ್ತಿದ್ದವರನ್ನ ಕಳಸ್ರಿ ಹಂಗಾದ್ರ” ಎಂದು ಅವರು ಒಲೆಯ ಕಡೆ ತಿರುಗಿದರು.

ಅಷ್ಟರಲ್ಲಿ ಹಿಂದಿನ ಗೇಟಿನಲ್ಲಿ ಒಂದು ಟ್ರಾಲಿ ಆಟೋ ನಿಂತಿತು. ಅದರಲ್ಲಿ ನಾಲ್ಕು ಚೀಲ, ಚೀಲಗಳ ನಡುವೆ ಕಾಕಾ, ಡ್ರೈವರನ ಪಕ್ಕದಲ್ಲಿ ಸುಭದ್ರಾ! ಒಂದು ಕೆಂಪು ಚೀಟಿಯೂ ಉಳಿದಿರಲಿಲ್ಲ. ನಾನು ಮನೆ ಬಿಟ್ಟ ಕೂಡಲೇ ಇಬ್ಬರೂ ಕೂತು ಕಿತ್ತಿದ್ದರಂತೆ.

ಸುಭದ್ರಾ ನನ್ನನ್ನು ನೋಡದೆ ನೇರವಾಗಿ ಒಳಗೆ ಹೋದಳು. “ಅಕ್ಕಾರ, ಯಾವ ದಿನ ಏನು ಅಡಿಗಿ ಮಾಡ್ತೀರಿ?”

ಪಾರ್ವತೆಮ್ಮನವರ ಮುಖ ಅರಳಿತು. ಆ ಪ್ರಶ್ನೆಯನ್ನು ಅವರಿಗೆ ಅದುವರೆಗೆ ಯಾರೂ ಕೇಳಿರಲಿಲ್ಲವಂತೆ. ಸೋಮವಾರ ಸಾಂಬಾರು, ಗುರುವಾರ ಬೇಳೆ ಹಾಕಿದ ಪಾಲಕ್ ಪಪ್ಪು, ಹೀರೆಕಾಯಿಯನ್ನು ಮಕ್ಕಳು ತಟ್ಟೆಯಲ್ಲೇ ಬಿಡುತ್ತಾರೆ, ಸೊಪ್ಪು ತೊಳೆಯಲು ಕೈ ಸಾಲದು ಎಂದು ಎಲ್ಲ ಹೇಳಿದರು. ಕಾಕಾ ಬೆರಳು ಮಡಚುತ್ತ, “ಬದ್ನಿಕಾಯಿ, ಟೊಮೆಟೊ ಈಗ ಐತಿ. ಪಾಲಕ್ ಬಿತ್ತಿದ್ರ ತಿಂಗಳಿಗಿ ಬರ್ತೈತಿ, ತೊಳೆದ ತರ್ತೀವಿ. ಹೀರಿಕಾಯಿ ಬ್ಯಾಡ ಬಿಡ್ರಿ. ಸದ್ಯ ವಾರಕ್ಕ ಎರಡ ದಿನ ಸುರು ಮಾಡೂಣು” ಎಂದರು.

ಹದಿನೈದು ನಿಮಿಷದಲ್ಲಿ ಎಲ್ಲ ಮುಗಿಯಿತು. ಅಂದಿನ ಸಾಂಬಾರಿಗೆ ಬಿದ್ದದ್ದು ನಾನು ಫೇಲು ಮಾಡಿದ ಬದನೆಕಾಯಿಯೇ. ಗೋಪಿನಾಥರು ಎರಡು ಸಲ ಹಾಕಿಸಿಕೊಂಡು ಉಂಡು, ಒಪ್ಪಂದಕ್ಕೆ ಸಹಿ ಮಾಡಿದರು. ಕಾಕಾ ಅಳುತ್ತಾರೇನೋ ಎಂದುಕೊಂಡೆ. ಅವರು ಇನ್ನೊಂದು ಸೌಟು ಸಾಂಬಾರು ಕೇಳಿದರು.

“ಮತ್ತ ನನ್ನ ಕೆಲಸ ಏನು?” ಎಂದೆ.

ಪಾರ್ವತೆಮ್ಮ ನನ್ನ ಭುಜಗಳನ್ನು ಅಳೆದು ನೋಡಿದರು. “ಚೀಲ ಇಳಸಾಕ ಒಬ್ಬರು ಬೇಕ್ರಿ.”

ಅಂದಿನಿಂದ ಸೋಮವಾರ, ಗುರುವಾರ ಬೆಳಿಗ್ಗೆ ಆರೂವರೆಗೆ ನಾನು ಚೀಲ ಹೊರುತ್ತೇನೆ, ಸುಭದ್ರಾ ತೂಕ ನೋಡುತ್ತಾಳೆ. ಗೇಟಿನ ಪುಸ್ತಕದಲ್ಲಿ ನನ್ನನ್ನು ‘ಪರಮೇಶ, ಹಮಾಲಿ’ ಎಂದು ಬರೆದಿದ್ದಾರೆ.

ಕಳೆದ ಶನಿವಾರ ಪೋಷಕರ ಸಭೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಸೆಂಟು ಹಾಕಿಕೊಂಡು ನಿಖಿತಾಳ ತರಗತಿಗೆ ಹೋದೆ. ನಾನು ಚೀಲ ಹೊರುವುದನ್ನು ಕಂಡಿದ್ದ ಹೊಸ ಟೀಚರು ನನ್ನನ್ನು ನೋಡಿ ಸೌಜನ್ಯದಿಂದ, “ಭೈಯಾ, ಕಿಚನ್ ಪೀಛೆ ಹೈ” ಎಂದು ಹಿಂಬದಿಯ ಅಡುಗೆಮನೆಯತ್ತ ಕೈ ತೋರಿಸಿದರು.

ಪೋಷಕರೆಲ್ಲ ತಿರುಗಿ ನೋಡಿದರು. ನಾನು ಆಸೆಯಿಂದ ಮಗಳ ಕಡೆ ನೋಡಿದೆ. ಟೀಚರಿಗೂ ಅನುಮಾನ ಬಂದು, ಇವರು ನಿನಗೆ ಗೊತ್ತೇನು ಎಂದು ಅವಳನ್ನು ಕೇಳಿದರು.

ನಿಖಿತಾ ಎದ್ದು ನಿಂತು ಹೇಳಿದಳು: “ಗೊತ್ತು ಮಿಸ್. ನಮ್ಮ ಅಮ್ಮನ ಕೈಕೆಳಗೆ ಕೆಲಸ ಮಾಡ್ತಾರೆ.”

ಯಾವಾಗಲೂ ನಿಜವನ್ನೇ ಹೇಳಬೇಕೆಂದು ಅವಳಿಗೆ ಕಲಿಸಿದವನು ನಾನೇ.