ಹುಣಸೆ ಮರದ ಬಲಗಡೆಯ ಚಂದ್ರ

ನನ್ನ ಕಣ್ಣು ಬಹಳ ಚುರುಕು ಎಂಬುದರಲ್ಲಿ ಚಿಕ್ಕಂದಿನಲ್ಲಿ ನನಗೆ ಸಂಶಯವೇ ಇರಲಿಲ್ಲ. ಸಂಶಯ ಬಂದದ್ದು ಒಂದು ಯುಗಾದಿಯ ಸಂಜೆ. ಅಷ್ಟು ಹೊತ್ತಿಗೆ ತಡವಾಗಿತ್ತು.

ಪ್ರತಿ ಯುಗಾದಿಗೂ ನಾವು ರಾಮಗಿರಿ ಸ್ಟೇಷನ್ನಿನಲ್ಲಿ ರೈಲು ಇಳಿದು, ಎತ್ತಿನ ಗಾಡಿಯಲ್ಲಿ ಅಮ್ಮನ ತವರಿಗೆ ಹೋಗುತ್ತಿದ್ದೆವು. ಸಂಜೆ ಮನೆಮಂದಿಯೆಲ್ಲ ಮಣ್ಣಿನ ಮಾಳಿಗೆ ಹತ್ತಿ ಹೊಸ ವರ್ಷದ ಚಂದ್ರನನ್ನು ಹುಡುಕಬೇಕು. ಅವನ ಯಾವ ಕೊಂಬು ಮೇಲಿದೆ ಎಂದು ನೋಡಿ ಆ ವರ್ಷ ರಾಗಿ ಬಿತ್ತಬೇಕೋ ಜೋಳ ಬಿತ್ತಬೇಕೋ ಎಂದು ಅಜ್ಜ ಅಪ್ಪಣೆ ಕೊಡಿಸುತ್ತಿದ್ದ. ಮನೆಯ ಯಜಮಾನಿಕೆ ಎಂದರೆ ಅದೇ. ಆಮೇಲೆ ಹೋಳಿಗೆ. ಚಂದ್ರನನ್ನು ಮೊದಲು ಕಂಡ ಮಗುವಿಗೆ ಅಜ್ಜನ ಪಕ್ಕದ ಎಲೆ, ಮೊದಲ ಹೋಳಿಗೆ, ಮಿಳ್ಳೆಗಟ್ಟಲೆ ತುಪ್ಪ!

ಆ ವರ್ಷ ಬೆಳಗಿನಿಂದಲೇ ದೊಡ್ಡ ಮಾವ ಗೊಣಗುತ್ತಿದ್ದ. "ಅಪ್ಪನ ಕಣ್ಣು ಮಂಜಾಗೈತೆ. ಈ ಸಲ ಚಂದ್ರನ್ನ ನಾನೇ ನೋಡಿ ಹೇಳ್ತೀನಿ."

"ನಾನಿನ್ನೂ ಬದುಕಿದೀನಿ ಕಣಲೇ," ಎಂದ ಅಜ್ಜ.

ಸಂಜೆ ಪಡುವಣದಲ್ಲಿ ಮೋಡ. ಕತ್ತು ನೋಯುವವರೆಗೆ ನೋಡಿದೆವು. ಕೆಳಗಿನಿಂದ ಹೋಳಿಗೆಯ ವಾಸನೆ ಬರುತ್ತಿತ್ತು. ಎಂಟು ವರ್ಷದ ಹೊಟ್ಟೆ ಎಷ್ಟು ಹೊತ್ತು ಪ್ರಾಮಾಣಿಕವಾಗಿ ಇದ್ದೀತು?

"ಅಗೋ! ಹುಣಸೆ ಮರದ ಬಲಕ್ಕೆ!" ಎಂದು ಕೂಗಿಬಿಟ್ಟೆ.

ಅಲ್ಲಿ ಏನೂ ಇರಲಿಲ್ಲ.

"ಹೌದಲೇ! ಬಲಗೊಂಬು ಮೇಲೈತೆ. ಈ ಸಲ ರಾಗಿ!" ಎಂದ ಅಜ್ಜ.

ನಾನು ದಂಗಾದೆ. ನನ್ನ ಕಣ್ಣಿನ ಮೇಲೇ ನನಗೆ ಸಂಶಯ ಬಂತು. ಮಂಜುಗಣ್ಣಿನ ಅಪ್ಪನಿಗೆ ಕಂಡದ್ದು ತನಗೆ ಕಾಣಲಿಲ್ಲ ಎನ್ನಲು ದೊಡ್ಡ ಮಾವನಿಗೆ ಬಾಯಿ ಬರಲಿಲ್ಲ. "ಹೂಂ, ಕಾಣ್ತು," ಎಂದ. ಚಿಕ್ಕ ಮಾವ ಒಂದು ಹೆಜ್ಜೆ ಮುಂದೆ ಹೋದ. "ಪಕ್ಕದಾಗೆ ಒಂದು ಚುಕ್ಕಿನೂ ಐತೆ!"

ಎಲ್ಲರೂ ಭಕ್ತಿಯಿಂದ ಬರಿಯ ಮೋಡಕ್ಕೆ ಕೈಮುಗಿದರು. ಅಷ್ಟರಲ್ಲಿ ಅಜ್ಜಿ ಹೂರಣದ ಕೈಯಲ್ಲೇ ಮೇಲೆ ಬಂದಳು.

"ಎಲ್ಲೈತ್ರಿ? ನಂಗೆ ಏನೂ ಕಾಣ್ತಾ ಇಲ್ಲ."

"ನಿಂಗೆ ವಯಸ್ಸಾತು ಕಣೇ," ಎಂದ ಅಜ್ಜ.

ಅಕ್ಕಿಯೊಳಗಿನ ಬಿಳಿ ಕಲ್ಲನ್ನು ದೀಪದ ಬೆಳಕಲ್ಲಿ ಹೆಕ್ಕುವ ಅಜ್ಜಿ ಮತ್ತೆ ಒಲೆಯ ಕಡೆಗೆ ಇಳಿದಳು.

ಅಜ್ಜನ ಪಕ್ಕದಲ್ಲಿ ಕುಳಿತು ಮೊದಲ ತುತ್ತು ಬಾಯಿಗಿಟ್ಟಿದ್ದೆ. ಪಕ್ಕದ ಮಾಳಿಗೆಯಿಂದ ಕೂಗು ಕೇಳಿತು: "ಚಂದ್ರ ಕಾಣ್ತು ಬರ್ರಪ್ಪೋ!"

ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಎಂಜಲು ಕೈಯಲ್ಲೇ ಮೇಲೆ ಹೋದೆವು. ಮೋಡ ಸರಿದಿತ್ತು. ಹುಣಸೆ ಮರದ ಎಡಕ್ಕೆ, ಎಡಗೊಂಬು ಮೇಲೆ ಮಾಡಿಕೊಂಡು, ಚಂದ್ರ ನಿಂತಿದ್ದ!

"ಒಂದು ಹಬ್ಬಕ್ಕೆ ಎರಡು ಚಂದ್ರ," ಎಂದಳು ಅಜ್ಜಿ. "ಹೋಳಿಗೆನೂ ಎರಡು ಸಲ ಮಾಡ್ಲೇನ್ರಿ?"

"ನಾನು ಅಣ್ಣ ಕಂಡಿದ್ದನ್ನೇ ಕಂಡೆ," ಎಂದು ಚಿಕ್ಕ ಮಾವ ಜಾರಿಕೊಂಡ. ದೊಡ್ಡ ಮಾವ ನನ್ನ ಕಡೆ ತಿರುಗಿದ. "ಲೇ, ನಿಂಗೆ ನಿಜವಾಗ್ಲೂ ಕಾಣ್ತೇನೋ?"

ಆಗ ಸುಳ್ಳು ಒಪ್ಪಿಕೊಂಡಿದ್ದರೆ ಒಂದು ಏಟಿಗೆ ಮುಗಿಯುತ್ತಿತ್ತು. ಆದರೆ ನಾನು ಜಾಣ! ಬಾಯಲ್ಲಿದ್ದ ಹೋಳಿಗೆ ನುಂಗಿ, "ಅಜ್ಜಂಗೂ ಕಾಣ್ತಲ್ಲ!" ಎಂದೆ.

ಎಲ್ಲರ ಕಣ್ಣೂ ಅಜ್ಜನ ಮೇಲೆ ಬಿದ್ದವು. ಅಜ್ಜ ರುಮಾಲು ಸರಿಮಾಡಿಕೊಂಡ.

"ಹೋದ ವರ್ಷನೂ ನಂಗೆ ಕಂಡಿರ್ಲಿಲ್ಲ," ಎಂದ. "ಈ ಸಲ ಹುಡುಗ ಕಂಡೆ ಅಂದ. ನಂಬಿದೆ."

ನನ್ನನ್ನು ಬೈಯಲಿಲ್ಲ. ಕೆಳಗೆ ಬಂದ ಮೇಲೆ ನನ್ನ ಎಲೆಗೆ ಇನ್ನೊಂದು ಮಿಳ್ಳೆ ತುಪ್ಪ ಹಾಕಿಸಿದ. ನಾನು ಅದನ್ನು ಮುಟ್ಟದೆ ಎಲೆ ಮಡಿಸಿದೆ.

ಮರುವರ್ಷದಿಂದ ದೊಡ್ಡ ಮಾವನೇ ಕೊಂಬು ನೋಡತೊಡಗಿದ. ಅವನು ಹೇಳಿದ ಬೆಳೆಯೂ ಬರಲಿಲ್ಲ, ಅದು ಬೇರೆ ಮಾತು. ಅಜ್ಜ ಮಾಳಿಗೆಯ ಮೂಲೆಯಲ್ಲಿ ನಿಂತು, ಎಲ್ಲರೂ ಕೈಮುಗಿದಾಗ ತಾನೂ ಮುಗಿಯುತ್ತಿದ್ದ. ನಾನು ಅವನ ಪಕ್ಕಕ್ಕೆ ಹೋಗಿ ತಪ್ಪಾಯಿತು ಎನ್ನಬೇಕೆಂದು ಪ್ರತಿ ವರ್ಷ ನಿಶ್ಚಯಿಸುತ್ತಿದ್ದೆ. ಪ್ರತಿ ವರ್ಷ ಹೋಳಿಗೆಯ ವಾಸನೆ ಬರುತ್ತಿತ್ತು.

ಈಗ ನಾನೇ ಅಜ್ಜ. ಹೋದ ಯುಗಾದಿಗೆ ಮೊಮ್ಮಗ ನನ್ನ ಕೈಹಿಡಿದು ಮೇಲೆ ಹತ್ತಿಸಿದ.

"ಅಜ್ಜಾ, ಚಂದ್ರ ಕಾಣ್ತಾ?"

"ಓಹೋ! ಬಲಗೊಂಬು ಮೇಲೈತೆ," ಎಂದೆ ಗಂಭೀರವಾಗಿ.

ಹುಡುಗ ನನ್ನ ಭುಜ ಹಿಡಿದು ಮೆಲ್ಲಗೆ ತಿರುಗಿಸಿದ.

"ಈ ಕಡೆ ಅಜ್ಜಾ. ನೀನು ಮೂಡಲಕ್ಕೆ ನೋಡ್ತಿದೀಯ."

ಕೆಳಗೆ ಹೋಗಿ ಅವನು ಯಾರಿಗೂ ಹೇಳಲಿಲ್ಲ. ಮೊದಲ ಹೋಳಿಗೆ ಅವನ ಎಲೆಗೇ ಹಾಕಿಸಿದೆ.