ಪದರ ಬಿಡಬಾರದು, ಎಳಿ ಸಾಯಬಾರದು

ನಮ್ಮ ಕಾಕುವಿನ ಮನೆಗೆ ಹೋಗುವಾಗ ಹೂವು ಹಣ್ಣು ಒಯ್ಯಬೇಡಿ. ಖಾಲಿ ಸಿಮೆಂಟ್ ಚೀಲ ಒಯ್ಯಿರಿ, ಎರಡು ಸಲ ಚಹಾ ಸಿಗುತ್ತದೆ! ಸಿಮೆಂಟ್ ಕಾರ್ಖಾನೆಯ ಊರಾದ ನಮ್ಮ ವಾಡಿಯಲ್ಲಿ ಸಿಮೆಂಟ್ ಚೀಲಕ್ಕೇನು ಬರ ಅಂತೀರಾ? ಈಕೆಗೆ ಬೇಕಾದದ್ದು ಹರಿಯದ, ನೇಯ್ಗೆ ಕೆಡದ ಚೀಲ. ಚಿತ್ತಾಪುರದ ಗೃಹಪ್ರವೇಶವೊಂದರಲ್ಲಿ ಎಲ್ಲರೂ ಹೊಸ ಮನೆಯ ನೆಲಗಲ್ಲು ಹೊಗಳುತ್ತಿದ್ದರೆ, ಕಾಕು ರೇಷ್ಮೆ ಸೀರೆಯುಟ್ಟು ಹಿತ್ತಲಲ್ಲಿ ಚೀಲ ಝಾಡಿಸುತ್ತಿದ್ದಳು.

ಕಾಕು ಅಂದರೆ ನಮ್ಮ ಕಾಕಾನ, ಅಂದರೆ ಚಿಕ್ಕಪ್ಪನ ಹೆಂಡತಿ. ಪಾಲಿಟೆಕ್ನಿಕ್‌ನಲ್ಲಿ ಪ್ಲಾಸ್ಟಿಕ್ಕಿನ ಪಾಠ ಮಾಡುತ್ತಾಳೆ. ಸ್ಕೂಟರಿನಿಂದ ಬಿದ್ದಾಗಿನಿಂದ ಕಾಕಾನ ಎಡ ಪಾದ ಮೇಲೇಳುವುದಿಲ್ಲ. ಕಾಲಿನ ಆಸರೆಗೆ ಕಬ್ಬಿಣದ ಪಟ್ಟಿ ಕಟ್ಟಿಕೊಂಡು ಠಣ್ ಠಣ್ ಎಂದು ನಡೆಯುತ್ತಿದ್ದರು. ಬೀಳುವ ಮೊದಲು ಇಬ್ಬರೂ ಸಂಜೆ ಸ್ಟೇಷನ್ನಿನ ಮೇಲ್ಸೇತುವೆ ಹತ್ತಿ ರೈಲು ನೋಡುತ್ತಿದ್ದರು. ಪಟ್ಟಿಯ ಭಾರಕ್ಕೆ ಅದು ನಿಂತುಹೋಯಿತು. ಚೀಲದಿಂದಲೇ ಹಗುರಾದ ಪಟ್ಟಿ ಮಾಡಿ ಗಂಡನನ್ನು ಮತ್ತೆ ಆ ಸೇತುವೆ ಹತ್ತಿಸಬೇಕು. ಇದು ಕಾಕುವಿನ ಹಟ.

ಮಾಡುವ ರೀತಿ ಕೇಳಲು ಸುಲಭ. ಪ್ಲಾಸ್ಟಿಕ್ ಎಳೆಯಿಂದ ನೇಯ್ದ ಚೀಲದ ಬಟ್ಟೆಯನ್ನು ಪದರ ಪದರವಾಗಿ ಜೋಡಿಸಿ, ಕಾಯಿಸಿ, ಒತ್ತಬೇಕು. ಎಳೆಯ ಮೈ ಮಾತ್ರ ಕರಗಿ ಪಕ್ಕದ್ದಕ್ಕೆ ಅಂಟಬೇಕು. ಒಳಗಿನ ಗಟ್ಟಿತನ ಹಾಗೇ ಉಳಿಯಬೇಕು.

"ಶಾಖ ಕಮ್ಮಿ ಆತಂದ್ರ ಪದರ ಬಿಡ್ತದ, ಹೆಚ್ಚಾತಂದ್ರ ಎಳಿ ಸಾಯ್ತದ. ನಡುವ ಇಷ್ಟೇ ಇಷ್ಟು ಜಾಗ ಅದ ನೋಡು," ಎಂದು ಕಾಕು ಎರಡು ಬೆರಳ ನಡುವೆ ಸಾಸಿವೆಯಷ್ಟು ಸಂದಿ ತೋರಿಸಿದಳು.

"ಸಂಸಾರದಾಗೂ ಅಷ್ಟೇ ಜಾಗ ಇರ್ತದ," ಎಂದರು ಕಾಕಾ, ಪೇಪರಿನ ಹಿಂದಿನಿಂದ.

"ನಿಮ್ಮನ್ನ ಯಾರ್ ಕೇಳ್ಯಾರ್ರಿ?"

ಮೊದಲ ಪ್ರಯೋಗ ಮನೆಯ ಇಸ್ತ್ರಿಯಿಂದ. ತಯಾರಾದ ಹಾಳೆಯನ್ನು ಕಾಕಾ ಬಗ್ಗಿಸಿದರು. ಹಳೇ ಪುಸ್ತಕದಂತೆ ಪುಟ ಪುಟ ಬಿಚ್ಚಿಕೊಂಡಿತು. "ಓದಲಿಕ್ಕೆ ಛಲೋ ಅದ." ಮರುದಿನ ಶಾಖ ಏರಿಸಿದಳು. ಹಾಳೆ ಕನ್ನಡಿಯಂತೆ ಹೊಳೆಯಿತು, ಕಾಕು ಕುಣಿದಾಡಿದಳು, ಕಾಕಾ ಒತ್ತಿದರು, ಹಪ್ಪಳದಂತೆ ಮುರಿಯಿತು. "ಎಣ್ಣಿ ಭಾಳ ಕಾದಿತ್ತೇನು?"

ಅದೇ ಇಸ್ತ್ರಿಗೆ ಅಂಟಿದ ಚೀಲದ ಅಕ್ಷರ ನನ್ನ ಬಿಳಿ ಕುರ್ತಾದ ಬೆನ್ನಿಗೆ ಹತ್ತಿತು. ಇಡೀ ದಿನ ನಾನು '50 ಕೆ.ಜಿ.' ಎಂದು ಹೊತ್ತು ತಿರುಗಿದೆ! ಅಥವಾ ಅದು ಅಣ್ಣನ ಅಂಗಿಯೋ? ಇತಿಹಾಸ ಓದಿದವಳು ನಾನು, ನೆನಪನ್ನು ಅಷ್ಟಾಗಿ ನಂಬುವುದಿಲ್ಲ. ಎಲ್ಲ ಕಥೆಯಲ್ಲೂ ನನ್ನನ್ನೇ ನಡುವೆ ಕೂರಿಸುವ ಚಟ ಅದಕ್ಕೆ.

ಆಮೇಲೆ ಕಾಕು ದೂರದಿಂದಲೇ ಶಾಖ ಹೇಳುವ, ಪಿಸ್ತೂಲಿನಂಥ ಥರ್ಮಾಮೀಟರ್ ಕೊಂಡಳು. ಅದಿಲ್ಲದೆ ಹೊಸ್ತಿಲು ದಾಟಲಿಲ್ಲ. ಸೇಡಂನ ಮದುವೆಯಲ್ಲಿ ಅಡುಗೆಯವರ ಬಾಣಲೆಗೆ ಹಿಡಿದಳು, ಚಹಾಕ್ಕೆ ಹಿಡಿದಳು, ಸುಮ್ಮನೆ ಒಮ್ಮೆ ಬೀಗರ ಕಡೆಗೂ ಹಿಡಿದಳು. ವರನ ತಾಯಿ ಸೆರಗನ್ನು ಮೂಗಿಗೆ ಒತ್ತಿಕೊಂಡು, "ಮತ್ತ ಕರೋನಾ ಬಂತೇನ್ರಿ?" ಎಂದರು. ಊಟದ ಪಂಗತಿ ಅರ್ಧ ಖಾಲಿ!

ಕೊನೆಗೆ ಕಾಲೇಜಿನ ಕಾಯಿಸಿ ಒತ್ತುವ ಯಂತ್ರದಲ್ಲಿ ಹದ ಸಿಕ್ಕಿತು. ಆರುವ ತನಕ ಒತ್ತಡ ಬಿಡಲಿಲ್ಲ. ಕಾಕಾನ ಕಾಲಿನ ಅಚ್ಚಿಗೆ ಬಾಗಿಸಿದ ಪಟ್ಟಿಯನ್ನು ಕಲಬುರಗಿಯ ಡಾಕ್ಟರು ತಿರುಗಿಸಿ ಮುರುಗಿಸಿ ನೋಡಿ ಹೂಂ ಅಂದರು.

ಅಂದೇ ಸಂಜೆ ಸೇತುವೆ. ಮುಂದೆ ಕಾಕು, ಮೆಟ್ಟಿಲಿನ ಕಂಬಿಯ ಬಿಸಿ ಅಳೆಯುತ್ತ, ಹಿಂದೆ ಕಾಕಾ, ಕೆಳಗೆ ಉಸಿರು ಹಿಡಿದ ನಾನು. ಒಂದು ಮೆಟ್ಟಿಲು, ಇನ್ನೊಂದು. ಪಟ್ಟಿ ಬಾಗಿತು, ಪುಟಿದು ಮರಳಿತು. ಪದರ ಬಿಡಲಿಲ್ಲ, ಎಳೆ ಸಾಯಲಿಲ್ಲ! ನಾನು ಚಪ್ಪಾಳೆಗೆ ಕೈ ಎತ್ತಿದೆ. ಆದರೆ ಕಾಕು ಹತ್ತುವುದನ್ನು ಬಿಟ್ಟು ಮತ್ತೆ ಮತ್ತೆ ಹಿಂದೆ ತಿರುಗುತ್ತಿದ್ದಳು. ಮುಖ ಸಣ್ಣದಾಗಿತ್ತು.

"ಏನಾತು?" ಎಂದರು ಕಾಕಾ.

"ಸಪ್ಪಳನೇ ಇಲ್ಲಲ್ರಿ. ಠಣ್ ಅಂದ್ರ ಹಿಂದ ಬರ್ಲಿಕತ್ತೀರಿ ಅಂತ ಗೊತ್ತಾಗ್ತಿತ್ತು."

ಕಾಕಾ ಎರಡು ಮೆಟ್ಟಿಲೇರಿ ಅವಳ ಪಕ್ಕ ನಿಂತು ಕೈ ಚಾಚಿದರು. ಕಾಕು ಸುತ್ತ ಒಮ್ಮೆ ನೋಡಿದಳು. ನನ್ನನ್ನು ಮೇಲೆ ಕರೆದು ಥರ್ಮಾಮೀಟರನ್ನು ನನ್ನ ಕೈಗಿತ್ತಳು; ತೆರವಾದ ಕೈಯಿಂದ ಅವರ ಕೈ ಹಿಡಿದಳು.